ಅಂಜೂರ ತಿನ್ನಿಸಿದ್ದು

ನಮ್ಮ ಮನೆ,
ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಸುಮ್ಮಸುಮ್ಮನೆ ಹತ್ತಿಳಿಯಬೇಡ. ಮೊಮ್ಮಗಳು ಕೂಗಿದರೆ ಅವಳೇ ಕೆಳಗೆ ಬರಲಿ. ನಾನು ಚೆನ್ನಾಗಿದ್ದೇನೆ, ಊಟ ಮಾತ್ರ ಸೇರುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ. ತಟ್ಟೆ ಮುಂದೆ ಕೂತು ಓದಬೇಡ, ಅಷ್ಟೇ.

ನಾನು ಫ್ರೆಂಚ್ ಅನುವಾದಕ್ಕೆ ಸೇರಿದ ಕಂಪನಿ ಹೆಬ್ಬಾತಿನ ಲಿವರನ್ನು ಡಬ್ಬಿಗೆ ತುಂಬಿ ಮಾರುತ್ತದೆ, ನಿನಗೆ ಗೊತ್ತಲ್ಲ. ಫ್ರೆಂಚಿನಲ್ಲಿ ಲಿವರಿಗೆ ‘ಫ್ವಾ’ ಅಂತಾರೆ. ಹೋದ ವಾರ ಯಜಮಾನರು ಕರೆದು, “ಈ ಪದ ಅಂಜೂರದಿಂದ ಹುಟ್ಟಿದ್ದಂತೆ ಕಣಮ್ಮ, ಡಬ್ಬಿ ಮೇಲೆ ಹಾಕೋಕೆ ಸಿಹಿಯಾಗಿ ನಾಲ್ಕು ಸಾಲು ಬರೆದುಕೊಡು” ಅಂದರು. ಪದಗಳ ಬೇರು ಕೆದಕುವುದೆಂದರೆ ನನಗೆ ಹಸಿವು ನಿದ್ದೆ ಬೇಡ. ಖುಷಿಯಿಂದ ನಿಘಂಟು ತೆಗೆದೆ. ಸಿಹಿ ಏನೂ ಇರಲಿಲ್ಲಮ್ಮ. ಹಿಂದೆ ರೋಮಿನವರು ಹೆಬ್ಬಾತುಗಳಿಗೆ ಅಂಜೂರ ತುರುಕಿ ತುರುಕಿ ಲಿವರ್ ಉಬ್ಬಿಸುತ್ತಿದ್ದರಂತೆ. ಅದಕ್ಕೆ ಲ್ಯಾಟಿನ್ನಿನಲ್ಲಿ ‘ಅಂಜೂರ ತಿನ್ನಿಸಿದ ಲಿವರ್’ ಅಂತಲೇ ಹೆಸರು. ಬರಬರುತ್ತಾ ಲಿವರ್ ಅನ್ನುವ ಪದ ಉದುರಿಹೋಗಿ, ‘ಫಿಕಾಟುಮ್’, ಅಂದರೆ ಅಂಜೂರ ತಿನ್ನಿಸಿದ್ದು ಅನ್ನುವುದಷ್ಟೇ ಉಳಿಯಿತು. ಅದೇ ಸವೆದು ಸವೆದು ಫ್ವಾ. ಈಗ ಮನುಷ್ಯರ ಲಿವರಿಗೂ ಅವರಲ್ಲಿ ಅದೇ ಹೆಸರು. ಥೂ!

ಈಗ ಹೇಗೆ ತಿನ್ನಿಸುತ್ತಾರೋ ನೋಡೋಣವೆಂದು ಕಂಪನಿಯ ಹಿಂಭಾಗದಲ್ಲಿ ಹೆಬ್ಬಾತು ಸಾಕುವ ಶೆಡ್ಡಿಗೆ ಹೋದೆ. ಆ ನಾತ ಇನ್ನೂ ನನ್ನ ಕೂದಲಲ್ಲಿದೆ. ಕೆಲಸದಾಕೆ ಒಂದೊಂದರ ಕತ್ತು ಎತ್ತಿಹಿಡಿದು, ಉದ್ದನೆಯ ಕೊಳವೆ ಗಂಟಲಿಗಿಳಿಸಿ ಜೋಳದ ಗಂಜಿ ಬಿಡುತ್ತಿದ್ದಳು. ಒಂದು ಕಕ್ಕಿತು, ಒರೆಸದೆ ಅದೇ ಕೊಳವೆ ಪಕ್ಕದ್ದರ ಬಾಯಿಗೆ. ಹೊಟ್ಟೆ ನೆಲಕ್ಕೆ ತಾಗಿ ಏಳಲಾರದವು ತಮ್ಮ ಹೇಲಿನಲ್ಲೇ ಕೂತಿದ್ದವು. “ಅಭ್ಯಾಸ ಆಗುತ್ತೆ ಬಿಡಿ ಮೇಡಂ” ಅಂದಳು, ನನ್ನ ಮುಖ ನೋಡದೆ. ಹೊರಗೋಡಿ ಗೋಡೆ ಹಿಡಿದು ವಾಂತಿ ಮಾಡಿಕೊಂಡೆ.

ನಿಜ ಏನಿತ್ತೋ ಅದನ್ನೇ ನಾಲ್ಕು ಸಾಲಲ್ಲಿ ಬರೆದುಕೊಟ್ಟೆ. ಯಜಮಾನರು ಬಿಸ್ಕತ್ತು ಅಗಿಯುತ್ತಲೇ ಓದಿ ನಕ್ಕರು. “ತುರುಕೋದನ್ನ ತೆಗಿ, ಅಂಜೂರ ಇರಲಿ.” ಆ ಬಾಯಿ ನೆನೆಸಿಕೊಂಡರೆ ಈಗಲೂ ಹೇಸಿಗೆಯಾಗುತ್ತೆ. ಕೆಲಸ ಬಿಟ್ಟುಬಂದೆ.

ಅಕ್ಕ ಭಾವನಿಗೆ ಕೇಳಿದೆ ಅಂತ ಹೇಳು, ಪುಟ್ಟಿಯ ಕೆನ್ನೆಗೆ ನನ್ನ ಪಾಲಿನದೊಂದು ಮುತ್ತು.

ನಿನ್ನ ಚಿಕ್ಕವಳು

ಹೇಳೋದೇ ಬಿಟ್ಟುಹೋಯಿತು: ನಿನ್ನ ಕೋಣೆಯಲ್ಲಿ ಒಂದು ಹೆಬ್ಬಾತು ಇದೆ, ಬಯ್ಯಬೇಡ. ನಾನು ಹೊರಡುವಾಗ ಆ ಕೆಲಸದಾಕೆಯೇ ಹಿಂಬಾಗಿಲಿಂದ ಬಂದು ಚೀಲದಲ್ಲಿ ಹಾಕಿಕೊಟ್ಟಳು. ನನ್ನ ಕೈ ಕಂಡರೆ ಸಾಕು, ಕತ್ತು ಮೇಲೆತ್ತಿ ಬಾಯಿ ತೆರೆದು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಕಾಳು ಮುಟ್ಟುತ್ತಲೇ ಇರಲಿಲ್ಲ. ಇವತ್ತು ಕಾಳನ್ನು ನೆಲದ ಮೇಲೆ ಚೆಲ್ಲಿ, ನಾನು ಹೊರಗೆ ಬಂದು ಬಾಗಿಲೆಳೆದುಕೊಂಡೆ. ಸ್ವಲ್ಪ ಹೊತ್ತಿಗೆ ಒಳಗೆ ಟಕ್ ಟಕ್ ಅಂತ ಸದ್ದು. ತಾನೇ ಹೆಕ್ಕಿ ತಿನ್ನುತ್ತಿದೆ, ಅಮ್ಮಾ.