ಸ್ಕ್ರೀನಿಗೆ ಬಾರದ ಸಾಲು

ಕಾಂದಿವಲಿ, ಮಂಗಳವಾರ

ಪ್ರೀತಿಯ ಮಾವ,

ಫೋನಿನಲ್ಲಿ ಹೇಳಿದರೆ ನೀವು "ಬಿಡು ಮಾರಾಯ್ತಿ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಇದನ್ನು ಅಮ್ಮನ ಕೈಯಲ್ಲಿ ಈಗಲೇ ಮಾಟುಂಗಕ್ಕೆ ಕಳಿಸುತ್ತಿದ್ದೇನೆ.

ನಾನು ಮಾಡಿಕೊಟ್ಟ ಆರ್ಡರ್ ಪ್ರೋಗ್ರಾಮನ್ನು ಇನ್ನು ಹೋಟೆಲಿನಲ್ಲಿ ಬಳಸಬೇಡಿ. ಮೊದಲಿನಂತೆ ಸಪ್ಲಾಯರುಗಳು ಅಡುಗೆಮನೆಗೆ ಕೂಗಿಯೇ ಹೇಳಲಿ.

ಭಾನುವಾರ ಆ ತಾಯಿ "ಗೋಡಂಬಿ ಬೇಡ, ಮಗುವಿಗೆ ಆಗುವುದಿಲ್ಲ" ಎಂದದ್ದು ನಿಜ. ಸಪ್ಲಾಯರ್ ಅದನ್ನು ಟೈಪ್ ಮಾಡಿದ್ದೂ ನಿಜ. ಆದರೆ ಸೂಚನೆಗೆ ನಾನು ಇಟ್ಟಿದ್ದು ಹತ್ತೇ ಅಕ್ಷರಗಳ ಜಾಗ. ಉದ್ದವಾದರೆ ಇಡೀ ಸಾಲೇ ಬಿದ್ದುಹೋಗುತ್ತದೆ. ಅಡುಗೆಮನೆಯ ಸ್ಕ್ರೀನಿಗೆ ಬಂದದ್ದು "ಶೀರಾ ಒಂದು" ಎಂದಷ್ಟೇ. ಅಡುಗೆಯ ಕಾಂತಪ್ಪಣ್ಣ ಎಂದಿನಂತೆ ಮೇಲೆ ಗೋಡಂಬಿ ಹಾಕಿ ಕಳಿಸಿದರು. ಮಗುವಿಗೆ ಉಸಿರು ಕಟ್ಟಿತು.

ಸಾಲು ಬಿದ್ದುಹೋದಾಗ ಸ್ಕ್ರೀನಿನಲ್ಲಿ ಕೆಂಪು ಅಕ್ಷರದ ಎಚ್ಚರಿಕೆ ಬರಬೇಕಿತ್ತು. ಹೋಟೆಲಿನಲ್ಲಿ ಗಣಹೋಮ ಮಾಡಿಸಿ ಪ್ರೋಗ್ರಾಮ್ ಶುರು ಮಾಡಿದ ದಿನ ಅದನ್ನು ನೋಡಿ ನೀವು "ಇವತ್ತೇ ಎಂಥ ಅಪಶಕುನ, ತೆಗಿ ಅದನ್ನು" ಎಂದಿರಿ. ನಾನು ತಪ್ಪನ್ನು ಹುಡುಕಲಿಲ್ಲ, ಎಚ್ಚರಿಕೆಯನ್ನೇ ಕಾಣದಂತೆ ಮಾಡಿದೆ. ಹೊಸದಾಗಿ ಕಲಿತವಳು, ನೆಂಟರೆದುರು ನಾಚಿಕೆಯಾಗಿತ್ತು.

ಮಗುವನ್ನು ನಾಳೆ ಸಂಜೆ ಆಸ್ಪತ್ರೆಯಿಂದ ಬಿಡುತ್ತಾರಂತೆ. ಅವರ ಮನೆಗೆ ನೀವೊಬ್ಬರೇ ಹೋಗಬೇಡಿ, ನಾನೂ ಬರುತ್ತೇನೆ.

ಸ್ಕ್ರೀನ್ ಓದಲಿಲ್ಲವೆಂದು ಬೈದು ನೀವು ಕೆಲಸ ಬಿಡಿಸಿದ ಕಾಂತಪ್ಪಣ್ಣ ಬೆಳಿಗ್ಗೆ ಫೋನ್ ಮಾಡಿದ್ದರು. "ಅಕ್ಷರ ಇತ್ತಂತೆ, ನನಗೇ ಕಾಣಲಿಲ್ಲ ಮಗಾ" ಎಂದರು. ಆಗಲೂ ತಪ್ಪು ನನ್ನದೆನ್ನದೆ ಫೋನ್ ಇಟ್ಟುಬಿಟ್ಟೆ.

ನಾಳೆ ಹತ್ತು ಗಂಟೆಗೆ ಅವರು ಬಾಂದ್ರಾದಲ್ಲಿ ಕಣ್ಣು ತೋರಿಸಲು ಹೋಗುತ್ತಾರೆ. ಅವರು ಹೊರಡುವ ಮೊದಲೇ ಫೋನ್ ಮಾಡಿ, ಮಾವ.

ನಿಮ್ಮ ಸೋದರಸೊಸೆ,
ಯಕ್ಷಿತಾ