ಗಾಜಿನ ತೊಟ್ಟಿಯ ಮೀನುಗಳು ನಿನ್ನವಲ್ಲ, ಅವ್ವ

ಮಧುವನಹಳ್ಳಿಯ ನಮ್ಮ ಹೊಲದ ಮಣ್ಣೊಳಗೆ ಕೂತಿರುವ ಅವ್ವನಿಗೆ,

ನಿನ್ನ ಮಗ ಮಾದೇವ ಬರೆಯುತ್ತಿದ್ದೇನೆ. ನಿನಗೆ ಓದಲು ಬಾರದು, ಗೊತ್ತು. ಅಲ್ಲಿ ಯಾರ ಕೈಲಾದರೂ ಓದಿಸಿಕೋ. ನಮ್ಮ ಕೇರಿಯವರ ಕೈಲಿ ಮಾತ್ರ ಬೇಡ. ಅವರು ಸತ್ತ ಮೇಲೂ ಬಾಯಿ ಮುಚ್ಚಿಕೊಂಡು ಇರುವವರಲ್ಲ. ನಡುಮನೆಯ ಗಾಜಿನ ತೊಟ್ಟಿಯಲ್ಲಿ ಈಗ ಆಡುತ್ತಿರುವ ಮೀನುಗಳು ನಿನ್ನವಲ್ಲ, ಅವ್ವ. ಗಿಡಗಳೂ ನೀನು ನೆಟ್ಟವಲ್ಲ. ಅಪ್ಪನಿಗೆ ಇದು ತಿಳಿಯದ ಹಾಗೆ ನೋಡಿಕೊಂಡವನು ನಾನೇ.

ನಮ್ಮೂರು ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದಾಗ ನಾನು ಮೇಷ್ಟರ ಪರೀಕ್ಷೆ ಬರೆಯಲು ಅಲ್ಲಿಗೆ ಹೋದವನು, ಒಬ್ಬ ಡಾಕ್ಟರ ಮನೆಯಲ್ಲಿ ಅಂಥ ತೊಟ್ಟಿ ನೋಡಿ ಬಂದು ನಿನ್ನ ತಲೆ ತಿಂದದ್ದು ನೆನಪಿದೆಯಾ? ರೇಷ್ಮೆ ಅಂಗಡಿಯಿಂದ ಬಂದ ಅಪ್ಪ ವಿಭೂತಿಯ ಹಣೆ ಚಚ್ಚಿಕೊಂಡು, "ಮಠದ ಅಯ್ನೋರು ಬಂದ್ರೆ ಏನಂದ್ಕತ್ತಾರೆ? ಲಿಂಗ ಕಟ್ಟಿರೋರ ಮನೇಲಿ ಮೀನಾ?" ಅಂದ. ನೀನು ಮೊರದಿಂದ ತಲೆ ಎತ್ತಲೇ ಇಲ್ಲ. "ಕೆರೇಲಿ ಮೀನಿಲ್ವಾ? ಆ ನೀರ್ನೇ ತಾನೆ ಅಯ್ನೋರೂ ಕುಡಿಯೋದು? ನಾವೇನು ತಿಂತೀವಾ, ನೋಡ್ತೀವಿ ಅಷ್ಟೆ," ಅಂದೆ. ಅವತ್ತಿನಿಂದ ಅಪ್ಪ ತೊಟ್ಟಿಗೆ ಬೆನ್ನು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದ.

ಕಮ್ಮಾರನ ಹತ್ತಿರ ಕಬ್ಬಿಣದ ಚೌಕಟ್ಟು ಮಾಡಿಸಿ, ಪಟಕ್ಕೆ ಕಟ್ಟು ಹಾಕುವವನಿಂದ ಗಾಜು ತಂದು, ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಸಂದಿಗೆ ಮೆತ್ತಿದ್ದು ನಾನು. ಸೋರಿದ ನೀರನ್ನು ಗೋಣಿ ಹಾಕಿ ಒರೆಸಿದ್ದು ನೀನು. ಕಾವೇರಿಯ ಮರಳನ್ನು ಅಕ್ಕಿ ತೊಳೆದ ಹಾಗೆ ತೊಳೆದೆ. ಅಷ್ಟಕ್ಕೇ ಬಿಟ್ಟೆಯಾ? ಹೊಸ ಜಾಗದ ನೀರು ಮೀನಿಗೆ ಶೀತವಾದೀತು ಎಂದು ಬಾಣಂತಿಗೆ ಕೊಡುವ ಹಾಗೆ ನೀರನ್ನು ಕಾಯಿಸಿ, ಆರಿಸಿ ಸುರಿದಿದ್ದೆ! ಪಾಪದ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಕಾಯಿಸಿದ ನೀರಲ್ಲಿ ಉಸಿರಿರುವುದಿಲ್ಲ ಎಂದು ನಾನು ಕೂಗಾಡುತ್ತ ಅವನ್ನು ಕೆರೆನೀರಿನ ಕೊಡಕ್ಕೆ ಬಿಟ್ಟರೆ, "ನೀರ್ಗೂ ಉಸ್ರು ಇರ್ತದಾ ಮಗಾ?" ಎಂದು ಕೇಳಿದೆ. ನಾನು ನಕ್ಕೆ. ಈಗ ನಗಲು ಆಗುವುದಿಲ್ಲ.

ಗಿಡ ನೆಡುವ ಕೆಲಸ ಮಾತ್ರ ನೀನು ನನಗೆ ಬಿಡಲಿಲ್ಲ. ಯಳಂದೂರಿನ ಹತ್ತಿರ ನಿನ್ನ ತವರಿನ ಕಾಲುವೆಯಲ್ಲಿ ಬೆಳೆಯುವ, ಉದ್ದ ಪಟ್ಟಿಯಂಥ ಎಲೆಯ ಗಿಡ. ಬಳೆ ಮೇಲಕ್ಕೆ ಸರಿಸಿ, ಮೊಣಕೈವರೆಗೂ ಕೈಯನ್ನು ನೀರಿಗೆ ಇಳಿಸಿ, ಪೈರು ನಾಟಿ ಮಾಡಿದ ಹಾಗೆ ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿದೆ. ಗಿಡ ಬೇರು ಹಿಡಿದು, ನೀರು ತಿಳಿಯಾದ ಮೇಲೆ ಕೊಡದಲ್ಲಿದ್ದ ಮೀನುಗಳನ್ನು ಮತ್ತೆ ತೊಟ್ಟಿಗೆ ಬಿಟ್ಟೆವು. ಅದೇ ಕಾಲುವೆಯ, ಬೆರಳುದ್ದದ ಬೆಳ್ಳನೆಯ ಮೀನುಗಳು, ಬಾಲದ ಹತ್ತಿರ ಕಪ್ಪು ಚುಕ್ಕೆ. ನಿನ್ನ ಬಳೆ ಸದ್ದಾದರೆ ಗಾಜಿನ ಹತ್ತಿರ ಬಂದು ನಿಲ್ಲುತ್ತಿದ್ದವು. ನನಗೆ ಒಂದು ದಿನವೂ ಹಾಗೆ ನಿಲ್ಲಲಿಲ್ಲ; ಅದಕ್ಕೆ ನಿನ್ನ ಮೇಲೆ ಹೊಟ್ಟೆಕಿಚ್ಚೂ ಪಟ್ಟಿದ್ದೇನೆ.

ನೀನು ಹೋದಾಗ ಮನೆ ತುಂಬ ಜನ. ಮೀನಿಗೆ ಪುರಿ ಹಾಕಿದರೆ ಪುಣ್ಯ ಅಲ್ಲವೇ, ಕೊಳದ ಮೆಟ್ಟಿಲಲ್ಲಿ ಹಾಕುವ ಹಾಗೆ ಬಂದವರೆಲ್ಲ ನಿನ್ನ ಹೆಸರು ಹೇಳಿ ಒಂದೊಂದು ಹಿಡಿ ಪುರಿ ತೊಟ್ಟಿಗೆ ಎಸೆದರು. ನಾನು ಕಂಬಕ್ಕೊರಗಿ ನೋಡುತ್ತಲೇ ಇದ್ದೆ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ನೀನೇ ಇಲ್ಲದ ಮೇಲೆ ಇವು ಇದ್ದರೇನು ಅನ್ನುವ ಕೆಟ್ಟ ಯೋಚನೆಯೂ ಆಗ... ಪುರಿ ಕೊಳೆತು ನೀರು ಗಂಜಿಯಾಯಿತು. ಗಿಡ ಕರಗಿತು. ಮೀನೆಲ್ಲ ತೇಲಿದವು.

ಅಪ್ಪನನ್ನು ಸೋದರತ್ತೆ ಹನೂರಿಗೆ ಕರೆದುಕೊಂಡು ಹೋಗಿದ್ದರು. ಅಪ್ಪ ಬರುವಷ್ಟರಲ್ಲಿ ತೊಟ್ಟಿ ಮೊದಲಿನಂತೆ ಇರಲೇಬೇಕು ಅನ್ನಿಸಿತು. ನಿನ್ನ ತವರಿನ ಕಾಲುವೆಗೇ ಹೋದೆ. ಟವೆಲ್ಲಿನಲ್ಲಿ ಮೀನು ಹಿಡಿದು, ಗಿಡ ಕಿತ್ತು, ಕೊಡಕ್ಕೆ ಬಟ್ಟೆ ಕಟ್ಟಿ ಬಸ್ಸು ಹತ್ತಿದೆ. ಒಳಗೆ ಪಟಪಟ ಸದ್ದು. ಕಂಡಕ್ಟರು ನನ್ನ ಹಣೆಯ ವಿಭೂತಿ ನೋಡಿದ, ಕೊಡ ನೋಡಿದ. "ಇದೇನ್ ಮೇಷ್ಟ್ರೇ, ನೀವೂ ಸುರು ಮಾಡ್ಕಂಡ್ರಾ?" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. "ಬೆಟ್ಟದ ತೀರ್ಥ ಕಣಪ್ಪಾ," ಅಂದೆ. ಬಿಳಿಗಿರಿರಂಗನನ್ನೂ ನನ್ನ ಸುಳ್ಳಿಗೆ ಎಳೆದೆ, ನೋಡು.

ಹನೂರಿನಿಂದ ಬಂದ ಅಪ್ಪ ಮಣೆ ಎಳೆದುಕೊಂಡು ತೊಟ್ಟಿಯ ಎದುರಿಗೇ ಕೂತ. ಅದೇ ಅಪ್ಪ! "ನೋಡ್ಲಾ, ಅವ್ಳು ನೆಟ್ಟಿದ್ದು ಎಂಗದೆ," ಅಂದ. ಬಂದವರಿಗೆಲ್ಲ ತೋರಿಸಿದ. ಮಠದ ಅಯ್ಯನವರಿಗೂ, "ಇವ್ಕೆ ಅವ್ಳ ಗುರ್ತು ಅದೆ, ಬುದ್ಧಿ," ಎಂದು ಹೇಳಿದ. ಈಗ ತೊಟ್ಟಿಗೆ ಬೆನ್ನು ಹಾಕಿ ಊಟಕ್ಕೆ ಕೂರುವವನು ನಾನಾದೆ. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತ ತಿಂಗಳುಗಳೇ ಕಳೆದವು. ಅಪ್ಪನ ಮುಖದಲ್ಲಿದ್ದ ಗೆಲುವನ್ನು ಹೇಗೆ ಕಿತ್ತುಕೊಳ್ಳಲಿ? ಸುಳ್ಳಿನಿಂದ ಒಬ್ಬರ ಹೊಟ್ಟೆ ತಣ್ಣಗಾಗುವುದಾದರೆ ಇರಲಿ ಬಿಡು, ಎಂದು ನೀನಾದರೂ ಅನ್ನುತ್ತಿದ್ದೆಯಾ?

ಹೋದ ವಾರ ಒಂದು ಮೀನು ಸತ್ತಿತು. ಹುಟ್ಟಿದಂದಿನಿಂದ ಮೀನು ಮುಟ್ಟದ ಅಪ್ಪ ಅದನ್ನು ಕೈಯಲ್ಲೇ ಎತ್ತಿ, ನಿನ್ನ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ, "ಗುದ್ಲಿ ತಕಾ. ಅವ್ಳ ಪಕ್ಕದಲ್ಲೇ ಇಕ್ಕಾವ," ಅಂದ. ಹೊಲದವರೆಗೂ ನಾನು ಹಿಂದೆ ನಡೆದೆ. ಗುಂಡಿ ತೆಗೆಯಲು ಕೈ ಏಳಲಿಲ್ಲ. ನಿನ್ನ ಪಕ್ಕದಲ್ಲಿ ಯಾವುದೋ ಮೀನನ್ನು ನಿನ್ನದೆಂದು ಹೇಗೆ ಮಲಗಿಸಲಿ? ಅಲ್ಲೇ ಎಲ್ಲ ಹೇಳಿಬಿಟ್ಟೆ.

ಅಪ್ಪ ಬೈಯಲಿಲ್ಲ. ಬದುವಿನ ಮೇಲೆ ಕೂತು, "ಅಂಗಾರೆ ಅವ್ಳ ಮೀನ್ನ ಎಲ್ ಆಕ್ದೆ?" ಅಂದ.

ಇದನ್ನು ಕೇಳುತ್ತಾನೆಂದು ನಾನು ಎಣಿಸಿರಲಿಲ್ಲ. "ತಿಪ್ಪೆಗೆ," ಅಂದೆ.

ಹೌದು ಅವ್ವ, ತಿಪ್ಪೆಗೆ. ಅವತ್ತು ವಾಸನೆ ತಡೆಯಲಾರದೆ, ಗಿಡ, ಪುರಿ, ಮೀನು ಎಲ್ಲವನ್ನೂ ಒಂದೇ ಮಂಕರಿಯಲ್ಲಿ ತುಂಬಿ, ಹಿತ್ತಲ ತಿಪ್ಪೆಗೆ ಸುರಿದು ಕೈ ತೊಳೆದುಕೊಂಡಿದ್ದೆ. ನಿನ್ನ ಬಳೆಯ ಸದ್ದಿಗೆ ಓಡಿ ಬರುತ್ತಿದ್ದ ಮೀನುಗಳನ್ನು. ಹೊಸದು ತಂದದ್ದಕ್ಕಲ್ಲ, ಅವ್ವ, ನನ್ನ ಎದೆ ಸುಡುವುದು ಇದಕ್ಕೆ. ಕ್ಷಮಿಸು ಅನ್ನಲೂ ಬಾಯಿ ಬರುವುದಿಲ್ಲ.

ಅಪ್ಪ ಸತ್ತ ಮೀನನ್ನು ಬದುವಿನ ಬೇವಿನ ಬುಡದಲ್ಲಿ ಹೂತು ಮನೆಗೆ ಬಂದ. ಆಮೇಲೆ ತೊಟ್ಟಿಯ ಎದುರು ಮಣೆ ಹಾಕಲೇ ಇಲ್ಲ. ಇವತ್ತು ಬೆಳಿಗ್ಗೆ ಹೊಲಕ್ಕೆ ಗೊಬ್ಬರ ಹೊಡೆಯಲು ಗಾಡಿ ಕಟ್ಟಿಸಿದ. ತಿಪ್ಪೆಯ ಹತ್ತಿರ ನಿಂತು, "ಯಾವ ಮೂಲೇಲಿ?" ಎಂದು ಕೇಳಿದ. ತೋರಿಸಿದೆ. ಆ ಮೂಲೆಯನ್ನು ಆಳಿಗೆ ಬಿಡದೆ ತಾನೇ ಅಗೆದು ಮಂಕರಿಗೆ ತುಂಬಿದ. ಕಪ್ಪಗೆ ಪುಡಿಯಾದ ಗೊಬ್ಬರ; ಮೀನೂ ಕಾಣಲಿಲ್ಲ, ಗಿಡವೂ ಕಾಣಲಿಲ್ಲ. ಗಾಡಿ ಹೊಲ ಮುಟ್ಟಿದಾಗ ಆ ಮಂಕರಿಯನ್ನು ತಲೆಯ ಮೇಲೆ ಹೊತ್ತು ನೀನು ಕೂತಿರುವಲ್ಲಿಗೆ ಬಂದ. ನಾನು ಕೈ ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿದ. ನಿನ್ನ ಸುತ್ತ ಅದನ್ನು ಸುರಿದು, ಕೈಯಲ್ಲೇ ಹರಡಿ, ಮಣ್ಣಿನ ಮೇಲೆ ಅಂಗೈ ಊರಿ ಹೇಳಿದ:

"ತಕಾ ಕಣಮ್ಮೀ, ನಿನ್ ಮೀನು."