ಸಾರಿಸಿದ ಗೋಡೆ

ಜುಲೈ 29, ಬೆಳಿಗ್ಗೆ 6
ಮತ್ತೆ ಅದೇ ಕೆಸರು ಚಪ್ಪಲಿ, ಅದೇ ಫಾರಂ ಕಟ್ಟು. ಕಪಿಲೆ ಇಳಿದು ಎರಡು ದಿನ. ಹೊಳೆಕೇರಿಯಲ್ಲಿ ನೀರು ನುಗ್ಗಿದ ಮನೆಗಳ ಫೋಟೋ ತೆಗೆದು ಪರಿಹಾರದ ಆಪ್‌ಗೆ ಹಾಕಬೇಕು. ಹೆಸರಿಗೆ ಗ್ರಾಮ ಆಡಳಿತಾಧಿಕಾರಿ. ಜನಕ್ಕೆ ಇನ್ನೂ ಶಾನುಭೋಗರಮ್ಮ!

ಸಂಜೆ
ಒಂದು ಬಿಟ್ಟು ಎಲ್ಲ ಆಯಿತು. ಉಳಿದದ್ದು ಚನ್ನಾಜಮ್ಮನ ಮನೆ, ಕೇರಿಯ ಕೊನೆ. ಒಂಟಿ ಹೆಂಗಸು. ಮಣ್ಣಿನ ಗೋಡೆ ಸೊಂಟದ ಮಟ್ಟಕ್ಕೆ ನೆನೆದಿದೆ, ಕೈ ತೂರುವಷ್ಟು ಬಿರುಕು. ಮೊಬೈಲ್ ಚಾರ್ಜ್ ಖಾಲಿ. ನಾಳೆ ಇಂಜಿನಿಯರನ್ನೂ ಕರ್ಕೊಂಡು ಬರ್ತೀನಿ ಅಂದೆ.

ಜುಲೈ 31
ನಿನ್ನೆ ಹೋಗಲಿಲ್ಲ. ನರಸೀಪುರದಲ್ಲಿ ತಂಗಿ ಶಾಲಿನಿಯ ಮಗುವಿನ ಬರ್ತ್‌ಡೇ. ಒಂದು ದಿನ ತಾನೆ ಅಂದುಕೊಂಡೆ.

ಇವತ್ತು ಇಂಜಿನಿಯರ್ ಕಾಂತರಾಜು ಜೊತೆ ಹೋದರೆ... ಬಾಗಿಲಲ್ಲಿ ರಂಗೋಲಿ. ಬಿರುಕಿಗೆಲ್ಲ ಮಣ್ಣು ಮೆತ್ತಿ, ಸಗಣಿ ಸಾರಿಸಿ, ಕೆಮ್ಮಣ್ಣಿನ ಪಟ್ಟಿ ಬಳಿದಿದ್ದಾಳೆ.

“ಅಯ್ಯೋ ಚನ್ನಾಜಮ್ಮ, ಏನ್ ಮಾಡಿಬಿಟ್ರಿ?”

“ಆಪೀಸರ್ರು ಬತ್ತಾರೆ ಅಂದ್ರಲ್ಲವ್ವ. ಕೆಸ್ರಲ್ಲಿ ಎಂಗೆ ಕೂರ್ಸೋದು? ನೆನ್ನೆಯಿಂದ ಒಬ್ಳೇ ಮಾಡಿವ್ನಿ.”

ಕಾಂತರಾಜು ನಕ್ಕ. “ಮದುವೆ ಮನೆ ಇದ್ದಂಗಿದೆ ಮೇಡಂ. ಡ್ಯಾಮೇಜ್ ಏನಂತ ಬರೀಲಿ?”

ಬಿರುಕು ಕಣ್ಣಾರೆ ನೋಡಿದ್ದೀನಿ ಅಂದೆ.

“ಆಪ್ ಫೋಟೋ ಕೇಳುತ್ತೆ, ನಿಮ್ಮ ಕಣ್ಣನ್ನಲ್ಲ.”

‘ಮನೆ ಸುಭದ್ರ, ವಾಸಯೋಗ್ಯ’ ಅಂತ ಬರೆದು ಗಟ್ಟಿಯಾಗಿ ಓದಿದ. ಆಕೆಯ ಮುಖ ಅರಳಿತು. ನಾನೂ ಸೈನ್ ಹಾಕಿದೆ. ಕಾಫಿ ಕೊಟ್ಟಳು, ಅದನ್ನೂ ಕುಡಿದೆ. ನಿನ್ನೆ ಬೆಳಿಗ್ಗೆಯೇ ಬಂದಿದ್ದರೆ ಬಿರುಕು ಹಾಗೇ ಇರುತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯ.

ಆಗಸ್ಟ್ 6
ಪರಿಹಾರದ ಪಟ್ಟಿ ಬಂತು. ಅವಳ ಹೆಸರಿಲ್ಲ. ನಂಜನಗೂಡಿನ ತಾಲ್ಲೂಕು ಕಚೇರಿಗೆ ಹೋಗಿ ತಿದ್ದುಪಡಿ ಕೇಳಿದೆ. ಪೋರ್ಟಲ್ ಕ್ಲೋಸ್ ಅಂದರು. ಅರ್ಜಿ ಕೊಟ್ಟೆ. ಸೀಲ್ ಬಿತ್ತು. ಅಷ್ಟೇ.

ಆಗಸ್ಟ್ 17, ಮಧ್ಯಾಹ್ನ 3
ವಾರದಿಂದ ಮಳೆ. ಡ್ಯಾಮಿನಿಂದ ಮತ್ತೆ ನೀರು ಬಿಡ್ತಾರಂತೆ. ಕೇರಿಯವರನ್ನೆಲ್ಲ ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರಕ್ಕೆ ಕಳಿಸಿದೆ. ಚನ್ನಾಜಮ್ಮ ಮಾತ್ರ ಹೊಸಿಲು ದಾಟಲಿಲ್ಲ.

“ಮನೆ ಗಟ್ಟಿ ಅದೆ ಅಂತ ನೀವೇ ಬರ್ದಿದ್ದೀರಲ್ಲವ್ವ. ಸೈನೂ ಆಕಿದ್ದೀರಿ. ಓದಿದೋರು ಸುಳ್ಳು ಬರ್ದೀರಾ?”

ಕೋಪವಿಲ್ಲ, ಕುಹಕವಿಲ್ಲ. ನಿಜಕ್ಕೂ ನಂಬಿದ್ದಾಳೆ. ಬರೆದದ್ದು ಸುಳ್ಳು ಅಂದೆ. ತಮಾಷೆ ಅಂತ ನಕ್ಕಳು. ಬೈದೆ. ಕೈ ಮುಗಿದೆ. ರಟ್ಟೆ ಹಿಡಿದು ಎಳೆದೆ. ಪೊಲೀಸರಿಗೆ ಫೋನ್ ಮಾಡಿದೆ — ಎಲ್ಲರೂ ಸೇತುವೆ ಡ್ಯೂಟಿಯಲ್ಲಿದ್ದಾರೆ, ನಾಳೆ ನೋಡೋಣ ಮೇಡಂ ಅಂದರು. ನನ್ನಿಂದ ಏನೂ ಆಗ್ತಿಲ್ಲ.

ಆಗಸ್ಟ್ 18, ಬೆಳಿಗ್ಗೆ 7
ಕೇರಿಗೆ ದಾರಿಯಿಲ್ಲ. ಎದೆಮಟ್ಟ ನೀರು. ಒಂದೇ ದೋಣಿ, ಅದರಲ್ಲಿ ಚನ್ನಾಜಮ್ಮನನ್ನು ಕರೆತರಲು ಕಾಂತರಾಜು ಹೋಗಿದ್ದಾನೆ. ಶಾಲೆ ಜಗಲಿಯಲ್ಲಿ ಕೂತು ಕಾಯ್ತಿದ್ದೀನಿ. ಸುಮ್ಮನೆ ಕೂರಲಾಗದೆ ಬರೀತಿದ್ದೀನಿ.

ಈಗ ಅವನ ಫೋನ್. ದನಿ ಮೆತ್ತಗೆ.

“ಮೇಡಂ, ಆ ಕೊನೇ ಮನೆ ರಿಪೋರ್ಟು... ನೀವೂ ಸೈನ್ ಹಾಕಿದ್ರಿ ತಾನೆ?”

ಯಾಕೆ ಅಂದೆ. ಇಬ್ಬರ ಸೈನೂ ಇದೆ ಅಲ್ವಾ ಅಂತ ಮತ್ತೆ ಕೇಳಿದ. ಯಾಕೆ, ಹೇಳಿ ಕಾಂತರಾಜು, ಚನ್ನಾಜಮ್ಮ ಎಲ್ಲಿ, ಅವಳು